ಕಲ್ಲಿಲಿಯ ಬಾಗಿಲು

ಜೂನ್ ೩, ಸೋಮವಾರ. ಸೊಲ್ಲಾಪುರ

ಇವತ್ತಿನಿಂದ ಬರೆದಿಡುತ್ತೇನೆ. ಬಾಯಿಬಿಟ್ಟು ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ತಲೆ ಸಿಡಿಯುತ್ತದೆ. ಕನ್ನಡದಲ್ಲೇ ಬರೆಯುತ್ತೇನೆ. ನಮ್ಮ ಸಂಸ್ಥೆಯಲ್ಲಿ ಅರ್ಧ ಮಂದಿ ಕನ್ನಡ ಮಾತಾಡುತ್ತಾರೆ, ಓದಲು ಒಬ್ಬರಿಗೂ ಬಾರದು. ಅಕ್ಕಲಕೋಟೆಯ ಕನ್ನಡ ಶಾಲೆಯಲ್ಲಿ ಕಲಿತದ್ದು ಇಷ್ಟಕ್ಕಾದರೂ ಒದಗಲಿ.

ಯೋಗಿರಾಜ ಸರ್ ನಮ್ಮ ನಿರ್ದೇಶಕರು. ಇವತ್ತು ಮೀಟಿಂಗಿನಲ್ಲಿ ಎಲ್ಲರ ಮುಂದೆ ನನ್ನನ್ನು "ಉಂದೀರ್ ಮ್ಯಾಡಮ್" ಅಂದರು. ಮರಾಠಿಯಲ್ಲಿ ಇಲಿಗೆ ಉಂದೀರ್ ಎನ್ನುತ್ತಾರೆ. ಎಲ್ಲರೂ ಕಿಸಕ್ಕೆಂದರು. ಈ ಇಲಿಗಳೇ ಬೇಕೆಂದು ಅರ್ಜಿ ಬರೆದು ಯೋಜನೆ ತಂದವರು ಯಾರು? ಇದೇ ಮಹಾಶಯರು. ಆಗ ಅವು "ನಮ್ಮ ಮಣ್ಣಿನ ಅಪರೂಪದ ಜೀವಿ" ಆಗಿದ್ದವು. ಈಗ ನಾನು ಉಂದೀರ್ ಮ್ಯಾಡಮ್.

ಇವು ಅಟ್ಟದ ಮೇಲೆ ಓಡಾಡುವ ಇಲಿಗಳಲ್ಲ, ಕಲ್ಲಿಲಿಗಳು. ಭಂಡಾರಕವಠೆಯ ಕಡೆ ಕಲ್ಲುಹರಳಿನ ಗರಸು ನೆಲದಲ್ಲಿ ಹಿಡಿದು ತಂದವು. ಬೆರಳುದ್ದದ ಮೈ, ಬೆನ್ನ ಮೇಲೆ ಕೂದಲ ನಡುವೆ ಚಪ್ಪಟೆ ಮುಳ್ಳು. ಬಿರುಬೇಸಗೆಯಲ್ಲೂ ಹನಿ ನೀರಿನಲ್ಲಿ ದಿನ ದೂಡುತ್ತವೆ. ಅವುಗಳ ಮೂತ್ರಪಿಂಡ ಅದನ್ನು ಹೇಗೆ ಸಾಧಿಸುತ್ತದೆ ಎಂಬುದೇ ನಮ್ಮ ಸಂಶೋಧನೆ. ಅದಕ್ಕೆ ಇಲ್ಲೇ ಹುಟ್ಟಿ ಬೆಳೆದ ಮರಿಗಳು ಬೇಕು. ಹೊಲದಿಂದ ಹಿಡಿದು ತಂದವುಗಳ ವಯಸ್ಸೇನು, ರೋಗವೇನು, ಯಾರಿಗೆ ಗೊತ್ತು?

ಮರಿಗಳೇನೋ ಹುಟ್ಟುತ್ತವೆ. ಉಳಿಯುವುದಿಲ್ಲ. ಹೆತ್ತ ತಾಯಿಯೇ ತಿಂದುಹಾಕುತ್ತದೆ. ಜುಲೈ ಮುಗಿಯುವುದರೊಳಗೆ ಒಂದು ಸೂಲಿನ ಮರಿಗಳಾದರೂ ಉಳಿಯದಿದ್ದರೆ ನನ್ನ ಕೋಣೆಯನ್ನು ಬಿಳಿ ಇಲಿಗಳಿಗೆ ಕೊಡುತ್ತಾರಂತೆ. ಈಗಿರುವವುಗಳನ್ನು ಏನು ಮಾಡುತ್ತೀರಿ ಎಂದು ಕೇಳಿದೆ. "ವಿಲೇವಾರಿ" ಅಂದರು. ರದ್ದಿ ಕಾಗದವೇನು, ವಿಲೇವಾರಿ ಮಾಡಲು? ಕೊಲ್ಲುತ್ತೇವೆ ಎನ್ನಲು ಆ ಮನುಷ್ಯನಿಗೆ ಬಾಯಿ ಬರಲಿಲ್ಲ.

ಜೂನ್ ೫, ಬುಧವಾರ

ಏಳನೇ ಪೆಟ್ಟಿಗೆಯ ಹೆಣ್ಣು ಗಬ್ಬವಾಗಿದೆ. ಇನ್ನು ಉಳಿದಿರುವ ಆಸೆ ಇದೊಂದೇ.

ಗಾಜಿನ ಪೆಟ್ಟಿಗೆಯಲ್ಲಿ ಮರಳು, ಗರಸು ಹಾಕಿ ಒಂದು ಮಣ್ಣಿನ ಕುಡಿಕೆಯನ್ನು ಅಡ್ಡ ಮಲಗಿಸಿ ಹೂತಿಟ್ಟಿದ್ದೇನೆ. ಅದೇ ಅದರ ಬಿಲ. ಈ ಹೆಣ್ಣಿಗೆ ಒಂದು ಕೆಟ್ಟ ಚಟ. ರಾತ್ರಿಯೆಲ್ಲ ಸಣ್ಣ ಸಣ್ಣ ಹರಳುಗಳನ್ನು ಬಾಯಲ್ಲಿ ಕಚ್ಚಿ ತಂದು ಕುಡಿಕೆಯ ಬಾಯಿಗೆ ಪೇರಿಸುತ್ತದೆ. ಬೆಳಿಗ್ಗೆ ನಾನು ಬಂದು ಚಿಮಟದಿಂದ ಒಂದೊಂದೇ ಕಲ್ಲು ಕಿತ್ತು, ಬ್ಯಾಟರಿ ಬಿಟ್ಟು ಒಳಗೆ ನೋಡಬೇಕು. ಮರುದಿನ ಮತ್ತೆ ಪೇರಿಸಿಟ್ಟಿರುತ್ತದೆ. ಹಟಮಾರಿ! ನನ್ನ ಹೊತ್ತೆಲ್ಲ ಇದರ ಕಲ್ಲು ಕೀಳುವುದರಲ್ಲೇ ಹೋಗುತ್ತದೆ.

ಹಣಮಂತಪ್ಪ ಇದಕ್ಕೆ ರೇವಮ್ಮ ಎಂದು ಹೆಸರಿಟ್ಟಿದ್ದಾನೆ. ರೇವಮ್ಮ ಅವನ ಹೆಂಡತಿ. ಅವಳೂ ಹೀಗೇ ಕಚ್ಚುತ್ತಾಳಂತೆ. ಹಣಮಂತಪ್ಪ ನಮ್ಮ ಪ್ರಾಣಿಕೋಣೆಯ ಆಳು, ವಳಸಂಗದಿಂದ ದಿನಾ ಬಂದು ಹೋಗುತ್ತಾನೆ, ಮನೆಯಲ್ಲಿ ಕುರಿ ಇವೆ. ಪ್ರಯೋಗಾಲಯದ ಪ್ರಾಣಿಗೆ ಹೆಸರಿಡಬಾರದು, ಸಂಖ್ಯೆ ಮಾತ್ರ ಎಂದು ನೂರು ಸಲ ಹೇಳಿದ್ದೇನೆ. ಹೂಂ ಎನ್ನುತ್ತಾನೆ, ಮರುಗಳಿಗೆಗೆ "ರೇವಮ್ಮಾ, ಏ ರೇವಮ್ಮಾ" ಎಂದು ಗಾಜಿಗೆ ಮೂತಿ ಹಚ್ಚಿ ಕೂರುತ್ತಾನೆ.

ಜೂನ್ ೧೪, ಶುಕ್ರವಾರ

ತಿಂದುಹಾಕಿತು.

ನಿನ್ನೆ ಬೆಳಿಗ್ಗೆ ಹೆತ್ತಿತ್ತು. ಕಲ್ಲು ಕಿತ್ತು ನೋಡಿದಾಗ ಕಡಲೆಕಾಳಿನಂಥ ಕೆಂಪು ಮರಿಗಳು ಮಿಸುಕಾಡುತ್ತಿದ್ದವು. ನಾನೇ ಬರೆದ ನಿಯಮದಂತೆ ಚಮಚದಲ್ಲಿ ಒಂದೊಂದನ್ನೇ ತೆಗೆದು ತೂಕ ಮಾಡಿ, ಎಣಿಸಿ, ಹುಷಾರಾಗಿ ಒಳಗಿಟ್ಟೆ. ಸಂಜೆ ಮತ್ತೊಮ್ಮೆ ಕಲ್ಲು ಕಿತ್ತು ನೋಡಿದೆ, ಹಾಲು ಕುಡಿದಿದ್ದವು. ಇವತ್ತು ಬೆಳಿಗ್ಗೆ ಏನೂ ಇಲ್ಲ. ಒಂದು ಸಣ್ಣ ಬಾಲ ಬಿದ್ದಿತ್ತು. ಅಷ್ಟೆಲ್ಲ ಜೋಪಾನ ಮಾಡಿದ್ದಕ್ಕೆ ಇದೇ ಫಲ!

ಕಾರಣ ಸಿಕ್ಕಿತು. ಪೆಟ್ಟಿಗೆಯ ಮುಚ್ಚಳಕ್ಕೆ ಹಳದಿ ಬಳಿದಿತ್ತು. ಹಣಮಂತಪ್ಪ ಹುಲಜಂತಿಗೆ ಹೋದಾಗ ಮಹಾಲಿಂಗರಾಯನ ಗುಡಿಯಿಂದ ಭಂಡಾರದ ಅರಿಶಿನ ತಂದಿದ್ದಾನೆ, ಹೆತ್ತ ದಿನ ಒಂದು ಚಿಟಿಕೆ ಹಚ್ಚಿದ್ದಾನೆ. ಅರಿಶಿನದ ವಾಸನೆಗೆ ತಾಯಿ ಬೆದರಿದೆ, ಇನ್ನೇನು? ಬಾಯಿಗೆ ಬಂದಂತೆ ಬೈದೆ. ನಿನ್ನ ಕುರಿದೊಡ್ಡಿ ಅಂದುಕೊಂಡೆಯಾ ಎಂದೆ. ಅವನು ತಲೆ ಎತ್ತದೆ ಒರೆಸಿದ. "ಕುರಿಗೂ ಹಚ್ತೀವ್ರಿ ಬಾಯಾರ. ಅವು ತಿನ್ನಂಗಿಲ್ರಿ" ಎಂದಷ್ಟೇ ಅಂದ.

ನನಗೇ ಎದುರುತ್ತರ!

ಜೂನ್ ೧೫, ಶನಿವಾರ

ಬರೆಯಲು ಏನೂ ಇಲ್ಲ. ಅದು ಖಾಲಿ ಕುಡಿಕೆಗೆ ಮತ್ತೆ ಕಲ್ಲು ಪೇರಿಸಿದೆ. ನಾಚಿಕೆಗೇಡಿ.

ಜೂನ್ ೨೩, ಭಾನುವಾರ. ಅಕ್ಕಲಕೋಟೆ

ತವರಿನ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಹೌದು, ಪಡಸಾಲೆಯಲ್ಲಿ! ಒಳಗೆ ಬಿಡಲಿಲ್ಲ.

ತಂಗಿ ಸ್ನೇಹಲ ಹೆರಿಗೆಗೆ ಬಂದವಳು ಬುಧವಾರ ಗಂಡು ಹೆತ್ತಿದ್ದಾಳೆ. ರಜೆಗೆ ಕಾದು, ಬಸ್ಸಿನಲ್ಲಿ ನಿಂತು, ಕೂಸಿನ ತಲೆಗೆ ಕಟ್ಟುವ ಕುಂಚಿಗೆಗೆ ಕಸೂತಿ ಹಾಕಿಸಿಕೊಂಡು ಬಂದೆ. ನಡುಮನೆಯ ಕೋಣೆಯ ಬಾಗಿಲಿಗೆ ಚಾದರ ಕಟ್ಟಿದೆ. ಯಾವ ಚಾದರ? ನನ್ನ ಗಂಡ ಗುರುಸಿದ್ಧರು ತಮ್ಮ ಅಂಗಡಿಯಿಂದ ಬಾಣಂತಿಗೆಂದು ಆರಿಸಿ ಕೊಟ್ಟ ನವಿಲಿನ ಚಾದರ. ನಾವೇ ಕೊಟ್ಟದ್ದು ನನಗೇ ಅಡ್ಡ!

ಅವ್ವ ಹೊಸ್ತಿಲಲ್ಲೇ ತಡೆದಳು. "ಬಾಣಂತಿ ಮನಿ ಅದವ್ವಾ. ನೀ ದಿನಾ ಇಲಿ ಮುಟ್ಟಾಕಿ. ಸವಾ ತಿಂಗಳಾ ಆಗ್ಲಿ, ನೋಡೀಯಂತ" ಎಂದಳು. ಸವಾ ತಿಂಗಳೆಂದರೆ ನಲವತ್ತು ದಿನ! ಸ್ನಾನ ಮಾಡಿಯೇ ಬಂದಿದ್ದೇನೆ, ಬೇಕಾದರೆ ಇನ್ನೊಮ್ಮೆ ಮಾಡುತ್ತೇನೆ ಎಂದೆ. ನಾನು ಕೈತೊಳೆಯುವಷ್ಟು ನಿನ್ನ ಡಾಕ್ಟರೂ ತೊಳೆಯುವುದಿಲ್ಲ ಎಂದೆ. ಕೇಳಲಿಲ್ಲ. ಒಳಗಿನಿಂದ ಸ್ನೇಹಲ "ಅಕ್ಕಾ ಬಂದಳೇನ?" ಎಂದು ಕೂಗಿದಳು. ಅವ್ವ ಚಾದರವನ್ನು ಇನ್ನಷ್ಟು ಎಳೆದಳು. ಹಾಕಿದ ಬಾಗಿಲ ಹೊರಗೆ ನಿಲ್ಲುವುದೆಂದರೆ ಏನೆಂದು ಈ ಹೆಂಗಸಿಗೆ ಗೊತ್ತೇ?

ಇಲಿ ವಾಸನೆ ಬರೀ ನೆಪ. ನನಗೆ ಗೊತ್ತಿಲ್ಲವೇ? ಎರಡು ಸಲ ಹೊಟ್ಟೆಯಲ್ಲೇ ಕಳೆದುಕೊಂಡವಳು ನಾನು. ನನ್ನ ನೆರಳು ಬೀಳಬಾರದು, ಅಷ್ಟೇ. ಹೆತ್ತ ತಾಯಿಗೇ ಹೀಗನ್ನಿಸಿದರೆ ಓಣಿಯವರಿಗೆ ಏನು ಹೇಳುವುದು? ಅಪ್ಪ ಕಾಳಿನ ಅಂಗಡಿಯಿಂದ ಬಂದು ಎಂದಿನಂತೆ, ನಾವು ಜನ್ಮವೆಲ್ಲ ಇಲಿ ಕೊಂದೆವು, ಮಗಳು ಇಲಿ ಸಾಕಿ ಪಗಾರ ತಗೋತಾಳೆ ಎಂದು ನಕ್ಕರು. ನಾನು ನಗಲಿಲ್ಲ. ಊಟ ಮಾಡದೆ ಹೊರಡುತ್ತಿದ್ದೇನೆ. ಕುಂಚಿಗೆಯನ್ನು ಅವ್ವನ ಕೈಗೆ ಕೊಡುವುದಿಲ್ಲ, ವಾಪಸು ತೆಗೆದುಕೊಂಡೇ ಹೋಗುತ್ತೇನೆ.

ಜೂನ್ ೨೫, ಮಂಗಳವಾರ. ಸೊಲ್ಲಾಪುರ

ಹಣಮಂತಪ್ಪ ಬೈಸಿಕೊಂಡಾಗಿನಿಂದ ಹಾಂ, ಹೂಂ ಬಿಟ್ಟು ಮಾತಾಡುತ್ತಿಲ್ಲ. ಗಾಜಿಗೆ ಮೂತಿ ಹಚ್ಚುವುದನ್ನೂ ಬಿಟ್ಟಿದ್ದಾನೆ. ಒಳ್ಳೆಯದೇ ಆಯಿತು. ಕೋಣೆ ಮಾತ್ರ ಮಸಣದಂತೆ ಭಣಗುಟ್ಟುತ್ತದೆ.

ಮರಿ ಹೋದ ದಿನವೇ ಗಂಡಿಲಿಯನ್ನು ಜೊತೆಗೆ ಬಿಟ್ಟು ತೆಗೆದಿದ್ದೆ, ಏಳನೆಯದು ಮತ್ತೆ ಗಬ್ಬವಾಗಿದೆ.

ಜುಲೈ ೨, ಮಂಗಳವಾರ

ಯೋಗಿರಾಜ ಸರ್ ಬಿಳಿ ಇಲಿಯ ಪಂಜರಗಳಿಗೆ ಆಗಲೇ ಆರ್ಡರು ಕೊಟ್ಟಿದ್ದಾರಂತೆ. ತಿಂಗಳು ಮುಗಿದಿಲ್ಲ, ಹೆಣ ಬಿದ್ದಿಲ್ಲ, ಚಟ್ಟಕ್ಕೆ ಬಿದಿರು ತಂದರು! ಕೇಳಲು ಹೋದರೆ "ಭಾವನೆ ಬ್ಯಾಡ್ರಿ ಮ್ಯಾಡಮ್" ಅಂದರು. ನನಗೆಲ್ಲಿಯ ಭಾವನೆ? ನಾನು ನಿಯಮದ ಮಾತಾಡುತ್ತಿದ್ದೇನೆ. ರೇವಮ್ಮ ಈಗ ತುಂಬಿದ ಬಸುರಿ, ಇವತ್ತೋ ನಾಳೆಯೋ ಎನ್ನುವಂತಿದೆ. ಅಂಥದರ ಮುಂದೆ ಪಂಜರದ ಅಳತೆ ತೆಗೆಯಲು ಬಡಿಗನನ್ನು ಕಳಿಸುತ್ತಾರಲ್ಲ, ಇವರಿಗೆ ಮನೆಯಲ್ಲಿ ಹೆಣ್ಣುಮಕ್ಕಳಿಲ್ಲವೇ?

ಬಡಿಗನನ್ನು ಹೊರಗೆ ಕಳಿಸಿದೆ.

ಜುಲೈ ೬, ಶನಿವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಬಂದಾಗ ಕುಡಿಕೆಯ ಬಾಯಿ ಪೂರ್ತಿ ಮುಚ್ಚಿತ್ತು. ಯಾವತ್ತೂ ಇಷ್ಟು ಕಲ್ಲು ಪೇರಿಸಿರಲಿಲ್ಲ. ಗಾಜಿಗೆ ಕಿವಿಯಿಟ್ಟರೆ ಒಳಗೆ ಕೀಚುದನಿ. ಹೆತ್ತಿದೆ! ತಕ್ಕಡಿ ಸರಿಪಡಿಸಿ, ಚಮಚ ತೊಳೆದು, ಚಿಮಟ ಕೈಗೆ ತೆಗೆದುಕೊಂಡೆ. ಅಷ್ಟರಲ್ಲಿ ಬಾಗಿಲು ದಢಾರನೆ ತೆರೆದು ಯೋಗಿರಾಜ ಸರ್ ಬಂದರು, ಹಿಂದೆ ಮುಂಬಯಿಯ ಇಬ್ಬರು ಅತಿಥಿಗಳು, ಅವರ ಹಿಂದೆ ಮೊಬೈಲು ಎತ್ತಿ ಹಿಡಿದ ಗುಮಾಸ್ತ. ಬೂಟು ಕಾಲಲ್ಲೇ.

ಸರ್ ಉಂಗುರದ ಬೆರಳಿಂದ ಗಾಜಿಗೆ ಟಕಟಕ ಬಡಿದರು. "ಕಲ್ಲು ತಗೀರಿ ಮ್ಯಾಡಮ್, ಪಾವಣ್ಯಾರು ಮರಿ ನೋಡ್ತಾರ" ಅಂದರು. ಒಳಗಿನ ಕೀಚುದನಿ ಗಪ್ಪಾಯಿತು. ಒಬ್ಬ ಅತಿಥಿ ಬಗ್ಗಿ, ಮರಿಗಳನ್ನೇ ತಿನ್ನುತ್ತದೆಯಂತಲ್ಲ ತಾಯಿ, ತಿನ್ನುವಾಗ ವಿಡಿಯೋ ಮಾಡಬಹುದಾ ಎಂದು ಕೇಳಿದ. ನಗುತ್ತಾ ಕೇಳಿದ!

ನನಗೆ ಏನಾಯಿತೋ ಗೊತ್ತಿಲ್ಲ. ಪೆಟ್ಟಿಗೆಗೆ ಬೆನ್ನು ಕೊಟ್ಟು ನಿಂತೆ. "ಹೊರಗ ನಡೀರಿ. ಆಕಿ ಬಾಗಲಾ ಹಾಕ್ಯಾಳ. ಹಾಕಿದ ಬಾಗಲಾ ತಗಿಯಾಕ ನೀವ್ಯಾರು, ನಾನರ ಯಾರು?" ಎಂದೆ. ನಮ್ಮ ಮನೆಯ ಭಾಷೆಯೇ ಬಂತು ಬಾಯಿಗೆ. ನಾನು ಯಾರು ಎಂದು ಯಾಕೆ ಸೇರಿಸಿದೆನೋ, ಸಿಟ್ಟಿನಲ್ಲಿ ಒಂದಕ್ಕೊಂದು ಹತ್ತಿಕೊಂಡು ಬಂದುಬಿಟ್ಟಿತು.

ಸರ್ ಮುಖ ಕಪ್ಪಿಟ್ಟಿತು. ತಿಂಗಳು ಮುಗಿಯಲಿ, ಮಾತಾಡೋಣ ಎಂದು ಮರಾಠಿಯಲ್ಲಿ ಹೇಳಿ ಹೋದರು. ನಾನು ಬಾಗಿಲಿಗೆ ಚಿಲಕ ಹಾಕಿದೆ. ತಿರುಗಿ ಮತ್ತೆ ಚಿಮಟ ಎತ್ತಿಕೊಂಡರೆ ಹಣಮಂತಪ್ಪ ಮೂಲೆಯಲ್ಲಿ ಪೊರಕೆ ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದಾನೆ. ಅಷ್ಟು ಮಂದಿಯ ಮುಂದೆ ಹಾಗೆ ಕೂಗಾಡಿ ಈಗ ನಾನೇ ಕಲ್ಲು ಕಿತ್ತರೆ ಅವನ ಮುಂದೆ ನನ್ನ ಮರ್ಯಾದೆ ಏನುಳಿಯುತ್ತದೆ? ಚಿಮಟವನ್ನು ಡ್ರಾಯರಿಗೆ ಹಾಕಿದೆ. ಎಲ್ಲ ಆ ಯೋಗಿರಾಜ ಸರ್ ಮಾಡಿದ್ದು. ಅವರಿಂದಾಗಿ ಮರಿಗಳ ತೂಕ ತಪ್ಪಿತು.

ಜುಲೈ ೭, ಭಾನುವಾರ

ರಜೆ. ಆದರೂ ಹೋಗಿ ಬಂದೆ. ಕಾಳು ಹಾಕಿ ಬಂದೆ. ಕಲ್ಲು ಹಾಗೇ ಇವೆ. ಡ್ರಾಯರು ತೆರೆದು ಮುಚ್ಚಿದೆ.

ಜುಲೈ ೯, ಮಂಗಳವಾರ

ಕಿಟಕಿಯಿಂದ ಗುಮಾಸ್ತ ಇಣುಕುತ್ತಿದ್ದ. ಫೋಟೋ ಬೇಕಂತೆ ಸರ್‌ಗೆ. ನಿಮ್ಮ ಮನೆಯ ಕಿಟಕಿಗೆ ನಾನು ಬಂದು ಇಣುಕಲೇ ಎಂದು ಕೇಳಿದೆ, ಓಡಿದ.

ರಾತ್ರಿ ಊಟದ ಹೊತ್ತಿಗೆ ಗುರುಸಿದ್ಧರ ಹತ್ತಿರ ಒಂದು ಚಾದರ ಕೇಳಿದೆ. ದಪ್ಪನೆಯದು, ಬೆಳಕು ಸೋರಬಾರದು. ಯಾರಿಗೆ ಅಂದರು. ಏಳನೇ ಪೆಟ್ಟಿಗೆಗೆ ಅಂದೆ. ಅಂಗಡಿ ಇಟ್ಟಾಗಿನಿಂದ ಇಂಥ ಗಿರಾಕಿ ಬಂದಿರಲಿಲ್ಲ ಎಂದು ನಗತೊಡಗಿದರು. ಇವರಿಗೆ ಎಲ್ಲದರಲ್ಲೂ ಚೇಷ್ಟೆ. ಅವ್ವನ ಮನೆಗೆ ಕೊಟ್ಟಂಥದೇ ನವಿಲಿನ ಚಾದರ ತಂದುಕೊಟ್ಟರು, ಬೇರೆ ಬಣ್ಣ ಇರಲಿಲ್ಲವಂತೆ.

ಜುಲೈ ೧೦, ಬುಧವಾರ

ಚಾದರ ಕಟ್ಟಿದೆವು. ಕಟ್ಟುವಾಗ ಹಣಮಂತಪ್ಪ ಅಂಗಿಯ ಜೇಬು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ಭಂಡಾರದ ಪುಡಿಕೆ ಇನ್ನೂ ಅಲ್ಲೇ ಇದೆ ಎಂದು ನನಗೆ ಗೊತ್ತಾಗದೇ? ಪೆಟ್ಟಿಗೆಗೆ ಬೇಡ, ಬೇಕಿದ್ದರೆ ಕೋಣೆಯ ಬಾಗಿಲಿಗೆ ಹಚ್ಚು, ಅದು ನನ್ನ ಪೆಟ್ಟಿಗೆಯಲ್ಲ, ಸಂಸ್ಥೆಯ ಬಾಗಿಲು ಎಂದೆ. ಎರಡೂ ಕದಕ್ಕೆ ಧಾರಾಳವಾಗಿ ಹಚ್ಚಿದ. ಯೋಗಿರಾಜ ಸರ್ ಬಂದು ಹಿಡಿಕೆ ಹಿಡಿದರೆ ಕೈಯೆಲ್ಲ ಹಳದಿಯಾಗಲಿ, ನನಗೇನು!

ಕಾಳು, ನೀರು ಚಾದರದ ಸಂದಿನಿಂದ ಒಳಗೆ ಸರಿಸುತ್ತೇವೆ. ಇಬ್ಬರೂ ಪಿಸುಮಾತಿನಲ್ಲೇ ಮಾತಾಡುತ್ತೇವೆ. ಅವನು ಪೊರಕೆಗೆ ಬದಲು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾನೆ. ನಾನು ಹೇಳಿರಲಿಲ್ಲ.

ಜುಲೈ ೧೫, ಸೋಮವಾರ

ಎರಡು ದಿನದಿಂದ ಒಳಗಿನಿಂದ ಸದ್ದಿಲ್ಲ. ಕಾಳು ಖಾಲಿಯಾಗುತ್ತಿದೆ, ಆದರೆ ಮರಿಗಳ ದನಿ ಇಲ್ಲ. ತಿಂದುಬಿಟ್ಟಿತೇ? ತಿಂದಿದ್ದರೆ ನೋಡಿ ಏನಾಗಬೇಕು, ತಿಂದಿರದಿದ್ದರೆ ನೋಡಿ ಏನಾಗಬೇಕು? ಮನಸ್ಸಿಗೆ ಈ ಲೆಕ್ಕ ತಿಳಿಯುತ್ತದೆ, ಕೈಗೆ ತಿಳಿಯುವುದಿಲ್ಲ. ಚಿಮಟವನ್ನು ಮನೆಗೆ ತಂದು ಅಡುಗೆಮನೆಯ ಮೇಲಿನ ಹಲಗೆಯಲ್ಲಿಟ್ಟೆ. ಗುರುಸಿದ್ಧರು ಪಾಪಡ ಸುಡಲು ಹೊಸ ಚಿಮಟವೇ ಎಂದು ಕೇಳಿದರು.

ಪೆಟ್ಟಿಗೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದೆ ಇವತ್ತು. ಯಾಕೆ ಕೂತೆನೋ. ಮಾಡಲು ಬೇರೆ ಕೆಲಸವಿಲ್ಲದಂತೆ.

ಅವ್ವ ಫೋನು ಮಾಡಿದ್ದಳು. ಎತ್ತಲಿಲ್ಲ.

ಜುಲೈ ೨೨, ಸೋಮವಾರ

ನಾನು ಚೀಲ ಇಡುವುದರೊಳಗೆ ಹಣಮಂತಪ್ಪ ಬಾಗಿಲಿಗೆ ಬಂದು ಕೈಸನ್ನೆ ಮಾಡಿದ. ಚಪ್ಪಲಿ ಕಳಚಿ ಒಳಗೆ ಹೋದೆ. ಚಾದರದ ಅಂಚನ್ನು ಎರಡು ಬೆರಳಷ್ಟು ಸರಿಸಿದ. ಪೇರಿಸಿದ ಕಲ್ಲಿನಲ್ಲಿ ಒಂದು ಸಂದು. ಸಂದಿನಲ್ಲಿ ಒಂದು ಮೂಗು. ಅದರ ಮೇಲೊಂದು ಮೂಗು, ಪಕ್ಕದಲ್ಲಿ ಮತ್ತೊಂದು. ಒಂದು ಮರಿ ಹೊರಗೆ ಬಂತು. ಮೈತುಂಬ ಕೂದಲು, ಕಣ್ಣು ಬಿಟ್ಟಿದೆ. ಸುತ್ತ ನೋಡಿತು, ಒಂದು ಹರಳು ಕಚ್ಚಿಕೊಂಡಿತು, ಒಳಗೆ ಹೋಗಿ ಸಂದಿಗೆ ಅಡ್ಡ ಇಟ್ಟಿತು. ಯಾರು ಕಲಿಸಿದರೋ.

ಚಾದರ ಬಿಟ್ಟುಬಿಡು ಎಂದೆ. ಕಣ್ಣು ಉರಿದು ನೀರು ಬಂತು. ಬಾಗಿಲಿನ ಭಂಡಾರ ಕಣ್ಣಿಗೆ ಬಿದ್ದಿರಬೇಕು. ಹಣಮಂತಪ್ಪನ ಕಣ್ಣಿಗೂ ಬಿದ್ದಿತ್ತು.

ಹೇಳಲು ಯೋಗಿರಾಜ ಸರ್ ಕೋಣೆಗೆ ಹೋದೆ. ಎಷ್ಟು ಎಂದರು. ಎಣಿಸಿಲ್ಲ ಎಂದೆ. ಗಂಡೆಷ್ಟು, ಹೆಣ್ಣೆಷ್ಟು? ನೋಡಿಲ್ಲ. ತೂಕ? ಇಲ್ಲ. ನಿಮಗೇನು ಗೊತ್ತು ಹಾಗಾದರೆ ಎಂದು ಕೇಳಿದರು. ಉಳಿದಿವೆ ಎಂದು ಗೊತ್ತು ಎಂದೆ. ಬಿಳಿ ಇಲಿಗಳನ್ನು ಮೇಲಿನ ಮಹಡಿಗೆ ಹಾಕೋಣ, ಯೋಜನೆ ಮುಂದುವರಿಯುತ್ತದೆ ಎಂದು ನಾನು ಮೊದಲೇ ಹೇಳಿರಲಿಲ್ಲವೇ ಅಂದರು. ಮೊದಲೇ! ಮೊದಲೇ ಹೇಳಿದ್ದರಂತೆ! ಅವರ ಅಂಗೈ ನೋಡಿದೆ, ಹಳದಿ ಇತ್ತು. ಬಾಗಿಲು ಎಳೆದುಕೊಂಡು ಬಂದೆ.

ಸಂಜೆ ಅವ್ವನ ಫೋನು ಎತ್ತಿದೆ. ಈ ಭಾನುವಾರ ತೊಟ್ಟಿಲು ಇಟ್ಟುಕೊಂಡಿದ್ದೇವೆ, ಶನಿವಾರವೇ ಬಾ ಎಂದಳು. ಯಾಕೆ, ನನ್ನ ವಾಸನೆ ಹೋಯಿತೇ ಎಂದು ಕೇಳಿದೆ. ಕೇಳಲೇಬೇಕಿತ್ತು, ಕೇಳಿದೆ. ಅವ್ವ ಸಿಟ್ಟಾಗಲಿಲ್ಲ. "ಯಾರಿಗೂ ತೋರ್ಸಿಲ್ಲವ್ವಾ ಕೂಸಿನ್ನ. ಸ್ನೇಹಲನ ಅತ್ತಿಗೂ ತೋರ್ಸಿಲ್ಲ. ಮೊದಲ ನಿನ್ನ ಉಡ್ಯಾಗ ಹಾಕಬೇಕಂತ ಇಟ್ಟೀನಿ" ಎಂದಳು.

ಇದನ್ನು ಆವತ್ತೇ ಹೇಳಲು ಏನಾಗಿತ್ತು? ಬಾಯಿ ಬಿದ್ದಿತ್ತೇ? ತಿಂಗಳಿಡೀ ನಾನು ಉರಿದದ್ದು ಯಾರ ಲೆಕ್ಕಕ್ಕೆ? ಕೇಳುವ ಬದಲು ಫೋನನ್ನು ಇನ್ನೊಂದು ಕಿವಿಗೆ ಹಚ್ಚಿಕೊಂಡೆ. ಹೋಗಬೇಕೆಂದೇ ಇದೆ. ಆದರೆ ಶನಿವಾರ, ಭಾನುವಾರ ಹಣಮಂತಪ್ಪನಿಗೆ ಹುಲಜಂತಿಗೆ ಹೋಗುವುದಿದೆ, ಆ ಗುಮಾಸ್ತನನ್ನು ನಂಬುವಂತಿಲ್ಲ. ಮರಿ ಹಾಲು ಬಿಡಲು ಇನ್ನೂ ದಿನ ಬೇಕು.

"ಹ್ಯಾಂಗ ಬರ್ಲಿ ಅವ್ವಾ? ಬಾಣಂತಿನ್ನ ಬಿಟ್ಟು ಬರಾಕ ಆಗಂಗಿಲ್ಲ" ಎಂದೆ.

ಯಾವ ಬಾಣಂತಿ ಎಂದು ಅವ್ವ ಕೇಳಲಿಲ್ಲ. "ಹಂಗಂದ್ರ ತೊಟ್ಟಿಲಾ ಶ್ರಾವಣದಾಗ ಇಟ್ಕೋತೀವಿ. ನಿನ್ನ ಬಾಣಂತಿ ಎದ್ದ ಮ್ಯಾಲ ಬಾ" ಎಂದಳು. ಏನು ತಿನ್ನಲು ಕೊಡುತ್ತಿದ್ದೀ ಎಂದು ಕೇಳಿದಳು. ಸಜ್ಜೆ, ಶೇಂಗಾ ಎಂದೆ. ಹಾಲು ಇಳಿಯಬೇಕಾದರೆ ಬರೀ ಶೇಂಗಾ ಸಾಲದು, ಅಳವಿ ಕಾಳು ಹಾಕು, ಸ್ನೇಹಲಳಿಗೂ ಅದನ್ನೇ ಕೊಡುತ್ತಿದ್ದೇನೆ ಎಂದಳು. ಆ ಕಡೆ ಕೂಸು ಅಳುವುದು ಕೇಳಿಸಿತು. ಫೋನನ್ನು ಅದರ ಹತ್ತಿರ ಹಿಡಿದಳೆಂದು ಕಾಣುತ್ತದೆ, ದನಿ ದೊಡ್ಡದಾಯಿತು.

ಇಲಿಗೆ ಅಳವಿಯಂತೆ! ಯಾವ ಪುಸ್ತಕದಲ್ಲಿದೆ ಇದು? ಇವರಿಗೆ ಎಲ್ಲವೂ ಬಾಣಂತನವೇ.

ನಾಳೆ ಹಣಮಂತಪ್ಪ ಬರುವಾಗ ಸ್ವಲ್ಪ ಅಳವಿ ತರಲು ಹೇಳಬೇಕು. ರೇವಮ್ಮನಿಗೆ ಹೊಂದುತ್ತದೆಯೋ ಇಲ್ಲವೋ, ಎರಡು ಕಾಳು ಹಾಕಿ ನೋಡುತ್ತೇನೆ. ಕುಂಚಿಗೆಯನ್ನು ಟ್ರಂಕಿನಿಂದ ತೆಗೆದು ತೊಳೆದು ಒಣಹಾಕಿದ್ದೇನೆ.